ಮದಲೇನಮ್ಮನ ರಾಗಿ ಬಿಲ್ಲೆ

ಬಹಳ ಹಿಂದೆ, ಹೊಳೆಯಾಚೆಯ ಒಂದೂರಿನಲ್ಲಿ, ಒಂದು ರಾಗಿ ಬಿಲ್ಲೆಯ ಅಂಚು ಸೀದುಹೋಯಿತು. ಬೆರಳಗಲ ಸೀಯಿತು ಎಂದು ಕೆಲವರು ಅಂತಾರೆ. ಇಲ್ಲ, ಉಗುರಿನಷ್ಟೇ ಎಂದು ಕೆಲವರು ಅಂತಾರೆ. ಅಳತೆಯ ಬಗ್ಗೆ ಊರಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಆದರೆ ಸೀದದ್ದು ನಿಜ. ವಿಷಯ ಗಂಭೀರವಾದ್ದರಿಂದ ಅದನ್ನು ಕಾಗದದಲ್ಲಿ ಬರೆದು, ನೂರು ಇಗರ್ಜಿಗಳ ಮೇಲಿನ ದೊಡ್ಡ ಗುರುಗಳಾದ ಮೇತ್ರಾಣಿಗಳಿಗೆ ಕಳಿಸಲಾಯಿತು.

ಕಾಲ ಯಾವುದು ಎಂದು ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ಆ ಅಜ್ಜಿಯೂ ಕಾಲ ಕೇಳಿರಲಿಲ್ಲ.

ಊರಿನ ಹೆಸರು ಶಿಲುಬೆದೊಡ್ಡಿ. ಊರಿಗೆ ಎರಡು ಕೇರಿ. ಮೇಲಿನ ಕೇರಿಯವರದು ಇಗರ್ಜಿ. ಅಲ್ಲಿ ಮಾತೆ ಮರಿಯಳ ಪ್ರತಿಮೆಯಿತ್ತು, ಮೇಣದಬತ್ತಿಯಿತ್ತು, ಎರಡು ತಿಂಗಳಿಗೊಮ್ಮೆ ಹರಿಗೋಲಿನಲ್ಲಿ ಹೊಳೆ ದಾಟಿ ಬರುವ ಸ್ವಾಮಿಗಳಿದ್ದರು. ಕೆಳಗಿನ ಕೇರಿಯವರದು ಪ್ರಾರ್ಥನೆ ಮನೆ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ವೇದಪುಸ್ತಕ, ಇಷ್ಟೇ. ದೇವರು ಒಬ್ಬನೇ ಎಂಬುದರಲ್ಲಿ ಎರಡು ಕೇರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಉಳಿದದ್ದರಲ್ಲಿ ಇತ್ತು.

ದೇವರು ಕೊಟ್ಟ ಕಟ್ಟಳೆ ಹತ್ತು. ಎರಡು ಕೇರಿಯವರೂ ಹತ್ತೇ ಎಣಿಸುತ್ತಿದ್ದರು. ಆದರೆ ಮೇಲಿನವರು ಎಣಿಸಿದರೆ ಕದಿಯಬಾರದು ಎಂಬುದು ಏಳನೆಯದು, ಕೆಳಗಿನವರು ಎಣಿಸಿದರೆ ಎಂಟನೆಯದು. ಒಂದು ಸಲ ಯಾರೋ ಒಂದು ಹುಂಜ ಕದ್ದರಂತೆ. ಕಳ್ಳ ಮುರಿದದ್ದು ಏಳನೆಯದೋ ಎಂಟನೆಯದೋ ಎಂದು ಮೂರು ದಿನ ವಾದ ನಡೆಯಿತಂತೆ. ಹುಂಜದ ಮಾತು ನಡುವೆ ಎಲ್ಲೋ ಬಿಟ್ಟುಹೋಯಿತು ಅಂತಾರೆ.

ವಾದಕ್ಕೆ ಒಂದು ಜಾಗವಿತ್ತು. ಎರಡು ಕೇರಿಯ ನಡುವೆ ದೊಡ್ಡ ಹುಣಸೆಮರ. ಈ ಕಡೆ ಬಸ್ತಿಯಾನ್ ಸ್ವಾಮಿಗಳು, ಕರಾವಳಿಯಿಂದ ಬಂದ ಎತ್ತರದ ಮನುಷ್ಯ. ಆ ಕಡೆ ಕೆಳಗಿನ ಕೇರಿಯ ಉಪದೇಶಿ ಎಜ್ರಪ್ಪ, ನೇಯುವ ಕೆಲಸ, ಕುಳ್ಳು, ವೇದಪುಸ್ತಕ ಯಾವಾಗಲೂ ಕಂಕುಳಲ್ಲಿ. ಸ್ವಾಮಿಗಳು ಬಂದಾಗಲೆಲ್ಲ ಇಬ್ಬರೂ ಮರದಡಿ ನಿಲ್ಲುತ್ತಿದ್ದರು. ಕೂರುತ್ತಿರಲಿಲ್ಲ. ಕೂತರೆ ಒಪ್ಪಿದಂತಾಗುತ್ತದೆ ಎಂಬ ಭಯ ಇಬ್ಬರಿಗೂ ಇತ್ತು ಅಂತಾರೆ.

ಎಜ್ರಪ್ಪ ಕೇಳುತ್ತಿದ್ದ, ಬತ್ತಿ ಎಲ್ಲಿ ಬರೆದದೆ, ಜಪಸರ ಎಲ್ಲಿ ಬರೆದದೆ, ಸತ್ತವರಿಗೆ ಪೂಜೆ ಎಲ್ಲಿ ಬರೆದದೆ ಎಂದು. ಸ್ವಾಮಿಗಳು ಒಂದು ಹುಣಸೆ ಬೀಜ ಎತ್ತಿಕೊಂಡು ಹೇಳುತ್ತಿದ್ದರು, ಈ ಬೀಜದೊಳಗೆ ಎಲೆ ಎಲ್ಲಿದೆ, ಕೊಂಬೆ ಎಲ್ಲಿದೆ? ಕಾಣುವುದಿಲ್ಲ. ಹಾಗೆಂದು ಈ ಮರ ಸುಳ್ಳೇ? ಕೊಟ್ಟದ್ದು ಬೀಜ, ಕಾಲಕಾಲಕ್ಕೆ ಬೆಳೆದದ್ದು ಮರ, ಬೆಳೆಸಲು ಒಬ್ಬ ಯಜಮಾನ ಬೇಕು, ಅವನೇ ನಮ್ಮ ಧರ್ಮಸಭೆ.

ಎಜ್ರಪ್ಪ ತಲೆಯೆತ್ತಿ ಕೊಂಬೆಯ ರಸ ಹೀರಿ ಬೆಳೆದ ಹಸಿರು ಪೊದೆಯೊಂದನ್ನು ತೋರಿಸುತ್ತಿದ್ದ. "ಅದು ಬಂದಳಿಕೆ ಕಣ ಸ್ವಾಮಿ. ಅದೂ ಮರದ ಮೇಲೇ ಬೆಳೆದದೆ. ಅದೂ ಹಸುರಾಗೇ ಅದೆ. ಅದೂ ಹುಣಸೆಯಾ?"

ಇದಕ್ಕೆ ಸ್ವಾಮಿಗಳ ಬಳಿ ಉತ್ತರವಿತ್ತು. ಆ ಉತ್ತರಕ್ಕೆ ಎಜ್ರಪ್ಪನ ಬಳಿ ಪ್ರಶ್ನೆಯಿತ್ತು. ಹೀಗೆ ಹದಿನಾಲ್ಕು ವರ್ಷ ನಡೆಯಿತು ಅಂತಾರೆ.

ಈಗ ಮದಲೇನಮ್ಮನ ಮಾತು.

ಮದಲೇನಮ್ಮ ಮೇಲಿನ ಕೇರಿಯ ವಿಧವೆ. ಪೂಜೆಗೆ ಬೇಕಾದ ಗೋಧಿ ಬಿಲ್ಲೆ ಸುಡುವುದು ಅವಳ ಕೆಲಸ. ಅವಳ ಅತ್ತೆ ಸುಡುತ್ತಿದ್ದಳು, ಅತ್ತೆಯ ಅತ್ತೆ ಸುಡುತ್ತಿದ್ದಳು. ಇಗರ್ಜಿಯ ಪೆಟ್ಟಿಗೆಯಲ್ಲಿ ಒಂದು ಕಬ್ಬಿಣದ ಅಚ್ಚಿತ್ತು. ಉದ್ದ ಹಿಡಿಯ ಎರಡು ಹಲಗೆ, ಇಕ್ಕಳದ ಹಾಗೆ ಮುಚ್ಚುವುದು, ಒಳಗೆ ಕೊರೆದ ಶಿಲುಬೆ. ಆ ಊರಿನಲ್ಲಿ ರಾಗಿ ಬಿಟ್ಟು ಬೇರೆ ಬೆಳೆಯುತ್ತಿರಲಿಲ್ಲ. ಸ್ವಾಮಿಗಳು ಬರುವಾಗ ಒಂದು ಚೀಲ ಗೋಧಿ ಹಿಟ್ಟು ತರುತ್ತಿದ್ದರು. ಅದಕ್ಕೆ ನೀರು ಬಿಟ್ಟು ಬೇರೇನೂ ಬೆರೆಸದೆ ತೆಳ್ಳಗೆ ಕಲಸಿ, ಅಚ್ಚಿಗೆ ಹುಯ್ದು, ಮುಚ್ಚಿ, ಬೆಂಕಿಗೆ ಹಿಡಿಯುವಳು. ಗಡಿಯಾರವೆಂಬುದು ಆ ಊರಿಗೆ ಬಂದಿರಲಿಲ್ಲ. ಒಂದು ನಮೋ ಮರಿಯೆ ಪ್ರಾರ್ಥನೆ ಮುಗಿದರೆ ಒಂದು ಮಗ್ಗುಲು ಬೆಂದಿತು. ತಿರುಗಿಸಿ ಇನ್ನೊಂದು ನಮೋ ಮರಿಯೆ, ಇನ್ನೊಂದು ಮಗ್ಗುಲು. ಆಮೇಲೆ ತಗಡಿನ ಬಳೆ ಒತ್ತಿ ಶಿಲುಬೆಯ ಸುತ್ತ ದುಂಡಗೆ ಕತ್ತರಿಸುವಳು. ದುಂಡಗಿನದು ಪೂಜೆಗೆ, ಅಲ್ಲಿ ಸ್ವಾಮಿಗಳು ಹರಸಿದ ಮೇಲೆ ಅದೇ ಪರಮಪ್ರಸಾದ. ಸುತ್ತ ಉಳಿದ ಅಂಚು ಮಕ್ಕಳಿಗೆ.

ನಲವತ್ತು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಬಿಲ್ಲೆಯೂ ಸೀಯಲಿಲ್ಲ ಅಂತಾರೆ. ಅವಳು ಪ್ರಾರ್ಥನೆ ಹೇಳುವಾಗ ಬೆಂಕಿಯೂ ಉರಿ ತಗ್ಗಿಸಿ ಕೇಳುತ್ತಿತ್ತು ಅಂತಾರೆ. ಅದು ನನಗೆ ಗೊತ್ತಿಲ್ಲ. ಬೆಂಕಿಯನ್ನು ಯಾರೂ ಕೇಳಿದ ಹಾಗಿಲ್ಲ.

ಮದಲೇನಮ್ಮನಿಗೆ ಒಬ್ಬಳೇ ಮಗಳು, ಕ್ಲಾರ. ತಾಯಿ ಸುಡುತ್ತಿದ್ದರೆ ಪಕ್ಕದಲ್ಲಿ ಕೂತು ಅಂಚು ತಿಂದೇ ಬೆಳೆದವಳು. ಆ ಕ್ಲಾರ ಎಜ್ರಪ್ಪನ ಮಗ ಯೋನಪ್ಪನನ್ನು ಮೆಚ್ಚಿದಳು. ಮದುವೆ ಕೆಳಗಿನ ಕೇರಿಯ ಪ್ರಾರ್ಥನೆ ಮನೆಯಲ್ಲಿ ಆಯಿತು. ಮುಂದಿನ ಭಾನುವಾರ ಬಸ್ತಿಯಾನ್ ಸ್ವಾಮಿಗಳು ಎರಡು ಮಾತು ಹೇಳಿದರು. ಒಂದು, ಕ್ಲಾರಳಿಗೆ ಇನ್ನು ಪರಮಪ್ರಸಾದ ಇಲ್ಲ. ಎರಡು, ಬಿಲ್ಲೆ ಸುಡುವ ಕೈ ಕೆಳಗಿನ ಕೇರಿಯ ಹೊಸ್ತಿಲು ದಾಟಬಾರದು. ದಾಟಿದರೆ ಅಚ್ಚು ಬೇರೆಯವರಿಗೆ ಹೋಗುತ್ತದೆ. ಎಜ್ರಪ್ಪನೂ ಅದೇ ದಿನ ತನ್ನ ಮನೆಯಲ್ಲಿ ಹೇಳಿದನಂತೆ, ಈ ಮನೆಯೊಳಗೆ ಜಪಸರ ಬರಬಾರದು, ನಮೋ ಮರಿಯೆ ಕೇಳಬಾರದು ಎಂದು. ಇಬ್ಬರೂ ಒಂದೇ ದಿನ ಒಂದೇ ರೀತಿ ನಡೆದುಕೊಂಡದ್ದು ಅದೇ ಮೊದಲು.

ಮದಲೇನಮ್ಮ ಅಚ್ಚನ್ನೇ ಇಟ್ಟುಕೊಂಡಳು. ಇದನ್ನು ಕೆಲವರು ಮರೆಮಾಚಿ ಹೇಳುತ್ತಾರೆ. ನಾನು ಮರೆಮಾಚುವುದಿಲ್ಲ. ಒಂಬತ್ತು ವರ್ಷ ಅವಳು ಮಗಳ ಮನೆಗೆ ಹೋಗಲಿಲ್ಲ. ಆದರೆ ಬಿಲ್ಲೆ ಸುಟ್ಟಾಗಲೆಲ್ಲ, ಅಂಚುಗಳನ್ನು ಮುತ್ತುಗದೆಲೆಯಲ್ಲಿ ಸುತ್ತಿ ಹುಣಸೆಮರದ ಪೊಟರೆಯಲ್ಲಿ ಇಟ್ಟು ಬರುತ್ತಿದ್ದಳು. ಸಂಜೆಯೊಳಗೆ ಪೊಟರೆ ಖಾಲಿಯಾಗುತ್ತಿತ್ತು. ಯಾರು ತೆಗೆದುಕೊಂಡರು ಎಂದು ಯಾರಾದರೂ ಕೇಳಿದರೆ, ಗುಬ್ಬಿ ಅನ್ನುತ್ತಿದ್ದಳು. ಎಲೆಯನ್ನು ನೀಟಾಗಿ ಮಡಿಸಿಟ್ಟು ಹೋಗುವ ಗುಬ್ಬಿ.

ಹತ್ತನೆಯ ವರ್ಷ ಹೊಳೆ ಬಂತು. ಅಂಥ ಹೊಳೆ ಮತ್ತೆ ಬರಲಿಲ್ಲ ಅಂತಾರೆ. ಮೂರು ದಿನಕ್ಕೆಂದು ಬಂದಿದ್ದ ಬಸ್ತಿಯಾನ್ ಸ್ವಾಮಿಗಳು ಊರಿನ ದಡದಲ್ಲೇ ಸಿಕ್ಕಿಕೊಂಡರು. ಅರವತ್ತು ದಿನ ಎಂದು ಮೇಲಿನ ಕೇರಿಯವರು ಅಂತಾರೆ. ನಲವತ್ತು ಎಂದು ಕೆಳಗಿನವರು. ಅವರ ಪುಸ್ತಕದಲ್ಲಿ ದೊಡ್ಡ ಮಳೆಗೆ ನಲವತ್ತೇ ಲೆಕ್ಕ. ಮಳೆಯ ಹಿಂದೆಯೇ ಜ್ವರ ಬಂತು. ಜ್ವರಕ್ಕೆ ಕೇರಿ ತಿಳಿಯಲಿಲ್ಲ, ಎರಡಕ್ಕೂ ಹೋಯಿತು. ಮೇಲಿನ ಕೇರಿಯಲ್ಲಿ ಸಾಯುವವರೆಲ್ಲ ಪ್ರಸಾದ ಕೇಳಿದರು. ಸ್ವಾಮಿಗಳು ಬಿಲ್ಲೆಯನ್ನು ನಾಲ್ಕು ಮಾಡಿದರು, ಎಂಟು ಮಾಡಿದರು, ಕಡೆಗೆ ಸಾಸಿವೆಯಷ್ಟು ಮಾಡಿದರು. ಚೂರು ಎಷ್ಟು ಸಣ್ಣದಾದರೂ ಅದರಲ್ಲಿ ಪ್ರಭು ಪೂರ್ತಿ ಇದ್ದಾನೆ ಎಂದರು. ಆದರೆ ಸಾಸಿವೆಯೂ ಮುಗಿಯಿತು. ಚೀಲ ಕೊಡವಿದರೆ ಧೂಳೂ ಬೀಳಲಿಲ್ಲ.

ಮನೆಮನೆಯಲ್ಲೂ ರಾಗಿ ಇದೆಯಲ್ಲ ಎಂದು ಕೆಲವರು ಕೇಳಿದರು. ಸ್ವಾಮಿಗಳು ಇಲ್ಲ ಎಂದರು. ಪ್ರಭು ಮುರಿದದ್ದು ಗೋಧಿ, ಸಭೆ ಹೇಳಿದ್ದು ಗೋಧಿ, ತನಗೆ ಕೊಟ್ಟ ಅಧಿಕಾರ ಗೋಧಿಯ ಮೇಲೆ ಮಾತ್ರ. ಇದನ್ನು ಹೇಳುವಾಗ ಅವರು ಅತ್ತರು ಅಂತಾರೆ. ಅತ್ತದ್ದು ನಿಜವಿರಬೇಕು. ಕಟುಕ ಮನುಷ್ಯ ಎಂದು ಯಾರೂ ಅವರನ್ನು ಅಂದದ್ದಿಲ್ಲ.

ಆ ವಾರ ಕ್ಲಾರಳಿಗೆ ಜ್ವರ ಬಂತು. ನಾಲ್ಕನೆಯ ದಿನ ಮಜ್ಜಿಗೆ ಮಾರುವ ಹೆಂಗಸು ಮೇಲಿನ ಕೇರಿಗೆ ಬಂದು ಮದಲೇನಮ್ಮನ ಬಾಗಿಲಲ್ಲಿ ಗಡಿಗೆ ಇಳಿಸಿದಳು. ಅವಳು ಎರಡು ಕೇರಿಗೂ ಸೇರಿದವಳಲ್ಲ, ಹೀಗಾಗಿ ಎರಡಕ್ಕೂ ಹೋಗುತ್ತಿದ್ದಳು.

"ಮದಲೇನವ್ವಾ, ನಿನ್ನ ಮಗಳು ಉಳಿಯಾಕಿಲ್ಲ ಕಣವ್ವ. ಗಂಜಿ ಒಲ್ಲೆ ಅಂತದೆ, ಮಜ್ಜಿಗೆ ಒಲ್ಲೆ ಅಂತದೆ. ಬಾಯಿಗೆ ಅಂಚು ಬೇಕಂತೆ."

"ಪರಮಪ್ರಸಾದ ಕೇಳಿದಳಾ?"

"ಅದ್ಯಾವುದೂ ಅನ್ನಲಿಲ್ಲ. ಅವ್ವನ ಕೈಯಿಂದ ಅಂಚು ಅಂದಳು. ಅಷ್ಟೇಯ."

ಮದಲೇನಮ್ಮ ಇಗರ್ಜಿಗೆ ಹೋದಳು. ಸ್ವಾಮಿಗಳು ಮೊಣಕಾಲೂರಿದ್ದರು. ಎದ್ದ ಮೇಲೆ ಕೇಳಿದಳು.

"ಸ್ವಾಮಿ, ಬಿಲ್ಲೆಗೆ ಗೋಧಿ ಅಂತ ನಿಯಮ ಅದೆ. ಅಂಚಿಗೆ ಏನು ನಿಯಮ?"

ಸ್ವಾಮಿಗಳು ಓದಿದ್ದನ್ನೆಲ್ಲ ನೆನಪಿಸಿಕೊಂಡರು. ಅವರು ಓದಿದ ಯಾವ ಗ್ರಂಥದಲ್ಲೂ ಅಂಚಿನ ಬಗ್ಗೆ ಇರಲಿಲ್ಲ. ಇಲ್ಲ ಎಂದೇ ಹೇಳಿದರು.

"ಇಲ್ಲ ಅಂದ್ರೆ ಮಾಡಬೌದಾ, ಮಾಡಬಾರದಾ?"

"ಅದನ್ನು ಮೇತ್ರಾಣಿಗಳನ್ನು ಕೇಳಬೇಕಮ್ಮ."

"ಅವಳ ಉಸಿರು ಇರೋದರೊಳಗೆ ಕೇಳಿ ಬತ್ತೀರಾ?"

ಸ್ವಾಮಿಗಳು ಹೊಳೆಯ ಕಡೆ ನೋಡಿದರು. ಹೊಳೆ ಇನ್ನೂ ಕಣ್ಣು ಹಾಯುವಷ್ಟು ದೂರ ಹರಡಿಕೊಂಡೇ ಇತ್ತು. ಅಚ್ಚು ಇಗರ್ಜಿಯದು, ಇಗರ್ಜಿ ಬಿಟ್ಟು ಹೋಗಬಾರದು, ಕೆಳಗಿನ ಕೇರಿಗಂತೂ ಹೋಗಲೇಬಾರದು ಎಂದು ಅವರು ನೆನಪಿಸಿದರು. ಮದಲೇನಮ್ಮ ಹೂಂ ಅಂದಳು. ಹೂಂ ಅಂದು ಪೆಟ್ಟಿಗೆ ತೆಗೆದಳು, ಅಚ್ಚು ಹೆಗಲಿಗೇರಿಸಿಕೊಂಡಳು, ಮಡಿಲಿಗೆ ತಗಡಿನ ಬಳೆ, ಎರಡು ಹಿಡಿ ರಾಗಿ ಹಿಟ್ಟು ಕಟ್ಟಿಕೊಂಡಳು, ಹೊರಟಳು.

ಸ್ವಾಮಿಗಳು ಹಿಂದೆ ಹೋದರು. ತಡೆಯಲು ಹೋದರು ಎಂದು ಕೆಳಗಿನ ಕೇರಿಯವರು ಅಂತಾರೆ. ಹರಸಲು ಹೋದರು ಎಂದು ಮೇಲಿನವರು ಅಂತಾರೆ. ಅವರೇ ಬರೆದ ಕಾಗದದಲ್ಲಿ ಇರುವುದು ಇಷ್ಟು: ಅಚ್ಚಿನ ಜೊತೆ ಹೋದೆ.

ಎಜ್ರಪ್ಪನ ಮನೆಯ ಹೊಸ್ತಿಲಲ್ಲಿ ಎಜ್ರಪ್ಪ ನಿಂತಿದ್ದ. ಒಂಬತ್ತು ವರ್ಷದ ಮೇಲೆ ಬೀಗಿತ್ತಿ ಬಂದಿದ್ದಾಳೆ, ಹೆಗಲ ಮೇಲೆ ಶಿಲುಬೆಯ ಅಚ್ಚಿದೆ, ಹಿಂದೆ ಕರಿ ನಿಲುವಂಗಿಯ ಸ್ವಾಮಿಯಿದ್ದಾರೆ. ಅವನು ಕಂಕುಳಿನ ಪುಸ್ತಕವನ್ನು ಎದೆಗೆ ತಂದುಕೊಂಡ.

"ಏನವ್ವಾ ಇದು? ಸಾಯೋಳ ಬಾಯಿಗೆ ಶಿಲುಬೆ ಒತ್ತಿದ ರೊಟ್ಟಿ ಹಾಕಬೇಕು ಅಂತ ಎಲ್ಲಿ ಬರೆದದೆ?"

"ಎಲ್ಲೂ ಇಲ್ಲ ಕಣಪ್ಪ. ತಾಯಾದವಳು ಮಗಳಿಗೆ ರೊಟ್ಟಿ ಸುಡಬಾರದು ಅಂತ ಎಲ್ಲಿ ಬರೆದದೆ? ತೋರಿಸು, ಹಿಂದಕ್ಕೆ ಹೋಯ್ತೀನಿ."

ಎಜ್ರಪ್ಪ ಪ್ರಾಮಾಣಿಕ ಮನುಷ್ಯ. ಕೇಳಿದ ಮೇಲೆ ನೋಡಬೇಕು ಎಂದು ಅಲ್ಲೇ ಜಗಲಿಯಲ್ಲಿ ಕೂತು ಪುಸ್ತಕ ಬಿಚ್ಚಿದ. ಮೊದಲ ಹಾಳೆಯಿಂದ ನೋಡಲು ಶುರುಮಾಡಿದ ಅಂತಾರೆ. ಅವನು ಮೋಶೆಯ ಕಟ್ಟಳೆ ಮುಗಿಸುವುದರೊಳಗೆ ಮದಲೇನಮ್ಮ ಒಳಗೆ ಹೋಗಿ ಒಲೆ ಊದುತ್ತಿದ್ದಳು.

ಕ್ಲಾರಳ ಚಾಪೆ ಒಲೆಯ ಪಕ್ಕದಲ್ಲೇ ಇತ್ತು. ಗಂಡ ಯೋನಪ್ಪ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಮದಲೇನಮ್ಮ ಮಡಿಲಿನ ಹಿಟ್ಟು ಬಿಚ್ಚಿದಳು.

ಹಿಟ್ಟು ಕಲಸಿದ್ದಾಯಿತು, ಅಚ್ಚು ಕಾದದ್ದಾಯಿತು. ಮದಲೇನಮ್ಮ ಹುಯ್ಯಲು ಕೈ ಎತ್ತಿದಳು. ಎತ್ತಿ ಬಾಯಿ ತೆರೆದಳು. ಎಜ್ರಪ್ಪ ಓಡಿ ಬಂದ.

"ನಮೋ ಮರಿಯೆ ಈ ಮನೇಲಿ ಬ್ಯಾಡ."

"ಹಾಗಾದ್ರೆ ನಂಗೆ ಹೊತ್ತು ಹೆಂಗೆ ತಿಳೀತದೆ?"

ನೋಡಿ, ಇದು ನಿಜವಾದ ತೊಂದರೆ. ನಲವತ್ತು ವರ್ಷ ಅವಳ ಕೈ ಪ್ರಾರ್ಥನೆಯ ಜೊತೆ ಕೆಲಸ ಮಾಡಿತ್ತು. ಕಣ್ಣಂದಾಜು ಅವಳಿಗೆ ಬರುತ್ತಿರಲಿಲ್ಲ. ಎಜ್ರಪ್ಪ ತನ್ನ ಕಡೆಯ ಒಂದು ಕೀರ್ತನೆ ಸೂಚಿಸಿದ. ಬಾಗಿಲಲ್ಲಿ ನಿಂತಿದ್ದ ಸ್ವಾಮಿಗಳು ಅಡ್ಡಡ್ಡ ತಲೆಯಾಡಿಸಿದರು, ಕೆಳಗಿನವರ ಕೀರ್ತನೆಯನ್ನು ತಮ್ಮ ಸಭೆಯವಳು ಹಾಡಬಾರದು. ಇಬ್ಬರೂ ಅಲ್ಲೇ ಬಿಸಿ ಅಚ್ಚಿನ ಮುಂದೆ ವಾದ ಶುರುಮಾಡುತ್ತಿದ್ದರೇನೋ. ಆಗ ಯೋನಪ್ಪ ತಲೆಯೆತ್ತಿದ. ಒಂಬತ್ತು ವರ್ಷದಲ್ಲಿ ಅವನು ಧರ್ಮದ ವಿಷಯ ಮಾತಾಡಿದ್ದು ಅದೊಂದೇ ಸಲ ಅಂತಾರೆ.

"ಪ್ರಭು ತಾನೇ ಕಲಿಸಿದ ಪ್ರಾರ್ಥನೆ ಒಂದು ಅದೆಯಲ್ಲ. ತಂದೆಯೇ ಅಂತ ಶುರುವಾಗೋದು. ಅದು ಇಬ್ಬರದೂ ತಾನೇ?"

ಸ್ವಾಮಿಗಳು ಯೋಚಿಸಿ ಹೌದು ಎಂದರು. ಎಜ್ರಪ್ಪ ಯೋಚಿಸಿ ಹೌದು ಎಂದ. ಮದಲೇನಮ್ಮ ಲೆಕ್ಕ ಹಾಕಿದಳು. ಅದು ನಮೋ ಮರಿಯೆಗಿಂತ ಸ್ವಲ್ಪ ಉದ್ದ. ರಾಗಿ ಬೇಯುವುದೂ ಗೋಧಿಗಿಂತ ಸ್ವಲ್ಪ ತಡ. ಸರಿಹೋಗುತ್ತದೆ.

ಹುಯ್ದು ಮುಚ್ಚಿ ಬೆಂಕಿಗೆ ಹಿಡಿದು, ಒಂದು ಮಗ್ಗುಲಿಗೆ ಒಂದು ಸಲ ಹೇಳಿದಳು. ತಿರುಗಿಸಿದಳು. ಇನ್ನೊಂದು ಮಗ್ಗುಲಿಗೆ ಶುರುಮಾಡಿದಾಗ ಕ್ಲಾರ ಚಾಪೆಯಿಂದ ದನಿಗೂಡಿಸಿದಳು. ದನಿ ಅಂದರೆ ದನಿಯಲ್ಲ, ಉಸಿರು. ಒಂದು ಮಾತಿಗೆ ಒಂದು ಉಸಿರು. ಮದಲೇನಮ್ಮ ತನ್ನ ಮಾತನ್ನು ಅವಳಿಗೆ ತಕ್ಕ ಹಾಗೆ ನಿಧಾನ ಮಾಡಿದಳು. ಕೇಡಿನಿಂದ ತಪ್ಪಿಸು ಎಂಬಲ್ಲಿಗೆ ಬಂದರು. ಮೇಲಿನ ಕೇರಿಯವರಿಗೆ ಅಲ್ಲಿಗೆ ಆಮೆನ್. ಮದಲೇನಮ್ಮ ಆಮೆನ್ ಅಂದು ಅಚ್ಚು ಎತ್ತಲು ಕೈ ಬಿಗಿ ಮಾಡಿದಳು.

ಕ್ಲಾರ ನಿಲ್ಲಿಸಲಿಲ್ಲ.

ಕೆಳಗಿನ ಕೇರಿಯವರ ಪ್ರಾರ್ಥನೆಗೆ ಇನ್ನೊಂದು ಬಾಲವಿದೆ. ರಾಜ್ಯ ನಿನ್ನದು, ಬಲ ನಿನ್ನದು, ಮಹಿಮೆ ನಿನ್ನದು ಎಂದು ಹೋಗುತ್ತದೆ. ಕ್ಲಾರ ಅದನ್ನು ಆ ಮನೆಯಲ್ಲಿ ಒಂಬತ್ತು ವರ್ಷ ದಿನಾ ಹೇಳಿದ್ದಳು. ಈಗಲೂ ಹೇಳಿದಳು. ರಾಜ್ಯಕ್ಕೆ ಒಂದು ಉಸಿರು. ಬಲಕ್ಕೆ ಒಂದು ಉಸಿರು. ಮದಲೇನಮ್ಮ ಅಚ್ಚು ಎತ್ತಲಿಲ್ಲ. ಇನ್ನೊಬ್ಬರ ಪ್ರಾರ್ಥನೆ ನಡೆಯುವಾಗ ಅವಳು ಎಂದೂ ಎದ್ದವಳಲ್ಲ. ಸೀಯುವ ವಾಸನೆ ಬಂತು. ಎಲ್ಲರಿಗೂ ಬಂತು. ಮದಲೇನಮ್ಮ ಅಚ್ಚನ್ನು ಬೆಂಕಿಯಲ್ಲೇ ಹಿಡಿದು ಕಾದಳು.

ಈಗ ಇನ್ನೊಂದು ಸಂಗತಿ. ಆ ಬಾಲ ವೇದಪುಸ್ತಕದ ಹಳೆಯ ಪ್ರತಿಗಳಲ್ಲಿ ಇರಲಿಲ್ಲ, ಆಮೇಲೆ ಸೇರಿದ್ದು ಎಂದು ಸ್ವಾಮಿಗಳು ಓದಿದ್ದರು. ಹದಿನಾಲ್ಕು ವರ್ಷ ಹುಣಸೆಮರದಡಿ, ನೀವು ಸೇರಿಸಿದಿರಿ, ನೀವು ಸೇರಿಸಿದಿರಿ ಎಂದು ಕೇಳಿಸಿಕೊಂಡ ಮನುಷ್ಯ ಅವರು. ಬರೆದದ್ದಲ್ಲದೆ ಬೇರೆ ಒಲ್ಲೆ ಎಂದ ಎಜ್ರಪ್ಪನ ಮನೆಯಲ್ಲೇ, ಅವನ ಸೊಸೆಯ ಬಾಯಲ್ಲೇ ಬಂದಳಿಕೆ ಸಿಕ್ಕಿತ್ತು. ಸ್ವಾಮಿಗಳು ಬಾಯಿ ತೆರೆದರು. ಎಜ್ರಪ್ಪ ಅವರನ್ನು ನೋಡಿದ. ಅವರು ಏನು ಹೇಳುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು ಅಂತಾರೆ. ಅವನೂ ಓದಿದವನೇ.

ಸ್ವಾಮಿಗಳು ಹೇಳಲಿಲ್ಲ. ಕ್ಲಾರಳ ಜೊತೆ ಮಹಿಮೆ ನಿನ್ನದು ಎಂದರು ಎಂದು ಕೆಳಗಿನ ಕೇರಿಯವರು ಅಂತಾರೆ. ಅನ್ನಲಿಲ್ಲ, ತುಟಿ ಸುಮ್ಮನೆ ಅಲ್ಲಾಡಿತು ಎಂದು ಮೇಲಿನವರು ಅಂತಾರೆ. ತುಟಿ ಅಲ್ಲಾಡಿತು ಎಂಬಲ್ಲಿಗೆ ಎರಡು ಕೇರಿಗೂ ಒಪ್ಪಿಗೆಯಿದೆ.

ಕ್ಲಾರ ಆಮೆನ್ ಅಂದಳು. ಮದಲೇನಮ್ಮ ಅಚ್ಚು ಎತ್ತಿದಳು, ಬಿಡಿಸಿದಳು. ನಡುವೆ ಶಿಲುಬೆ ಚೆನ್ನಾಗಿ ಮೂಡಿತ್ತು. ಸುತ್ತ ಅಂಚು ಕಪ್ಪಗೆ ಸೀದಿತ್ತು. ತಗಡಿನ ಬಳೆ ಒತ್ತಿದಳು, ದುಂಡಗಿನದನ್ನು ತಟ್ಟೆಯಲ್ಲಿ ಇಟ್ಟಳು, ಅಂಚನ್ನು ಮುರಿದು ಮಗಳ ಬಾಯಿಗೆ ಇಟ್ಟಳು.

"ಸೀದದೆ ಕಣವ್ವ," ಅಂದಳು ಮಗಳು.

"ನೀನು ಬ್ಯಾಗ ಮುಗಿಸಬೇಕಿತ್ತು," ಅಂದಳು ತಾಯಿ.

ಕ್ಲಾರ ನಕ್ಕಳು ಅಂತಾರೆ. ಪೂರ್ತಿ ಅಂಚು ತಿಂದಳು.

ಅವಳು ಎದ್ದು ಕೂತಳು, ಜ್ವರ ಬಿಟ್ಟಿತು, ಏಳು ಮಕ್ಕಳನ್ನು ಹೆತ್ತಳು ಎಂದು ಹೇಳುವವರೂ ಇದ್ದಾರೆ. ಹೇಳಲಿ. ಮಾರನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು. ತಾಯಿಯ ಕೈ ಹಿಡಿದುಕೊಂಡಿದ್ದಳು.

ತಟ್ಟೆಯಲ್ಲಿ ದುಂಡಗಿನದು ಉಳಿದಿತ್ತಲ್ಲ. ಅದು ಏನು ಎಂದು ಯಾರಿಗೂ ಗೊತ್ತಾಗಲಿಲ್ಲ. ಗೋಧಿಯಲ್ಲ, ಹಾಗಾಗಿ ಪ್ರಸಾದವಲ್ಲ ಎಂದರು ಸ್ವಾಮಿಗಳು. ಆದರೆ ಶಿಲುಬೆಯಿದೆ, ಎಸೆಯುವಂತಿಲ್ಲ. ಶಿಲುಬೆಯಿದೆ, ನನ್ನ ಮನೆಯಲ್ಲಿ ಇಡುವಂತಿಲ್ಲ ಎಂದ ಎಜ್ರಪ್ಪ. ಆದರೆ ಪ್ರಭುವಿನ ಪ್ರಾರ್ಥನೆಯಲ್ಲಿ ಬೆಂದದ್ದು, ಅವನೂ ಎಸೆಯಲಾರ. ಇಬ್ಬರೂ ತಟ್ಟೆ ಹಿಡಿದು ಹುಣಸೆಮರದಡಿಗೆ ಹೋದರು. ಅವತ್ತು ಇಬ್ಬರೂ ಕೂತರು ಅಂತಾರೆ. ವಾದ ಮಾಡುತ್ತ ಕೂತಿದ್ದರೋ, ಸುಮ್ಮನೆ ಕೂತಿದ್ದರೋ ಗೊತ್ತಿಲ್ಲ. ಗುಬ್ಬಿಗಳು ಬಂದು ತಿಂದುಹೋದವು. ಈ ಸಲ ನಿಜವಾದ ಗುಬ್ಬಿಗಳು.

ಕ್ಲಾರಳನ್ನು ಕೆಳಗಿನ ಕೇರಿಯ ಮಣ್ಣಿನಲ್ಲಿ ಹೂಳಿದರು. ಸ್ವಾಮಿಗಳು ಬೇಲಿಯ ಆಚೆ ನಿಂತಿದ್ದರು. ಟೊಪ್ಪಿಗೆ ತೆಗೆದಿದ್ದರು. ಹೊಳೆ ಇಳಿದ ಮೇಲೆ ಅವರು ಮೇತ್ರಾಣಿಗಳಿಗೆ ಕಾಗದ ಬರೆದರು. ನಡೆದದ್ದನ್ನೆಲ್ಲ ಬರೆದರು, ಅಂಚು ಸೀದದ್ದನ್ನೂ ಬರೆದರು, ಮೂರು ಪ್ರಶ್ನೆ ಕೇಳಿದರು. ಗೋಧಿ ಸಿಗದ ಊರಿನಲ್ಲಿ ರಾಗಿ ಆಗಬಹುದೇ? ಆ ಹೆಂಗಸು ಮಾಡಿದ್ದು ತಪ್ಪೇ? ತಾನು ಸುಮ್ಮನಿದ್ದದ್ದು ತಪ್ಪೇ?

ಮದಲೇನಮ್ಮ ಉತ್ತರಕ್ಕೆ ಕಾಯಲಿಲ್ಲ. ಹೊಸ್ತಿಲು ದಾಟಿದ್ದೇನೆ, ಮಾತು ಮಾತೇ ಎಂದು ಅಚ್ಚನ್ನು ತಾನೇ ತಂದು ಸ್ವಾಮಿಗಳ ಮುಂದೆ ಇಟ್ಟಳು. ಸ್ವಾಮಿಗಳು ಇಟ್ಟುಕೋ ಎಂದರು. ಅವಳು ಒಲ್ಲೆ ಎಂದಳು. ಒಂಬತ್ತು ವರ್ಷ ಇಟ್ಟುಕೊಂಡದ್ದು ಸಾಕು ಎಂದಳು ಅಂತಾರೆ. ಆಮೇಲೆ ಅವಳು ಬಿಲ್ಲೆ ಸುಡಲಿಲ್ಲ. ದಿನಾ ಸಂಜೆ ಕೆಳಗಿನ ಕೇರಿಗೆ ಹೋಗಿ ಮಗಳ ಸಮಾಧಿಯ ಪಕ್ಕ ಕೂತು ಬರುತ್ತಿದ್ದಳು. ಎಜ್ರಪ್ಪ ಅವಳಿಗೆ ಕೂರಲೆಂದು ಅಲ್ಲೊಂದು ಕಲ್ಲು ಹಾಕಿಸಿದ. ಅವಳು ಅಲ್ಲಿ ನಮೋ ಮರಿಯೆ ಹೇಳುವುದು ಅವನಿಗೆ ಕೇಳುತ್ತಿತ್ತು. ಕೇಳದ ಹಾಗೆ ಮಗ್ಗ ಬಡಿಯುತ್ತಿದ್ದ ಅಂತಾರೆ.

ಈಗಲೂ ಹೊಳೆ ತುಂಬಿದ ತಿಂಗಳಲ್ಲಿ ಒಂದು ದಿನ ಎರಡು ಕೇರಿಯ ಹೆಂಗಸರು ಹುಣಸೆಮರದಡಿ ಒಲೆ ಹೂಡುತ್ತಾರೆ. ರಾಗಿ ಬಿಲ್ಲೆ ಸುಡುತ್ತಾರೆ. ಎಲ್ಲರೂ ಸೇರಿ ತಂದೆಯೇ ಎಂದು ಶುರುಮಾಡುತ್ತಾರೆ. ಮೇಲಿನ ಕೇರಿಯವರು ತಮ್ಮ ಆಮೆನ್ ಹೇಳಿ ನಿಲ್ಲುತ್ತಾರೆ. ಕೆಳಗಿನ ಕೇರಿಯವರು ಬಾಲವನ್ನೂ ಹೇಳುತ್ತಾರೆ. ಅವರು ಮುಗಿಸುವತನಕ ಮೇಲಿನವರು ಅಚ್ಚು ಎತ್ತುವುದಿಲ್ಲ. ಆದ್ದರಿಂದ ಅಂಚು ಪ್ರತಿ ಸಲವೂ ಸೀಯುತ್ತದೆ. ಸೀದ ಅಂಚನ್ನು ಎಲ್ಲರೂ ತಿನ್ನುತ್ತಾರೆ. ನಡುವಿನ ದುಂಡಗಿನದನ್ನು ಗುಬ್ಬಿಗಳಿಗೆ ಇಡುತ್ತಾರೆ, ಗುಬ್ಬಿಗಳ ಬಗ್ಗೆ ಯಾವ ಸಭೆಯೂ ನಿಯಮ ಮಾಡಿಲ್ಲ.

ಮೇತ್ರಾಣಿಗಳ ಉತ್ತರ ಕಾಗದ ಹೋದ ಹತ್ತೊಂಬತ್ತನೆಯ ವರ್ಷಕ್ಕೆ ಬಂತು. ಅಷ್ಟರಲ್ಲಿ ಸ್ವಾಮಿಗಳು, ಎಜ್ರಪ್ಪ, ಮದಲೇನಮ್ಮ ಮೂವರೂ ತೀರಿಕೊಂಡಿದ್ದರು. ಉತ್ತರದಲ್ಲಿ ಒಂದೇ ಸಾಲಿತ್ತು. ಬಿಲ್ಲೆಗೆ ಗೋಧಿಯೇ ಆಗಬೇಕು. ಅಂಚಿನ ಬಗ್ಗೆ ಏನೂ ಬರೆದಿರಲಿಲ್ಲ.